ಕಟ್ಟೆ ಕಡಿದ ಜಾಗ

ಅತ್ತೆಗೆ ಸೊಸೆಯ ಮೇಲಿದ್ದ ದೂರು ಒಂದೇ. ನಿಧಾನ. ಕೈಗವಸು ಹಾಕಿಕೊಳ್ಳುವ ಮೊದಲು ಅದರ ಬಾಯಿ ಸುತ್ತಿ ಹಿಡಿದು, ಒಳಗಿನ ಗಾಳಿಯನ್ನು ಬೆರಳುಗಳತ್ತ ಒತ್ತಿ, ಎಲ್ಲಾದರೂ ತೂತಿದೆಯೇ ಎಂದು ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದಳು. ದಿನವೂ, ಎರಡೂ ಕೈಯದು.

"ಏನಂತೆ ಗ್ಲೌಸು? ಚೆನ್ನಾಗಿದ್ಯಂತಾ?" ಎಂದು ಅತ್ತೆ ಕೇಳುತ್ತಿದ್ದಳು. ಶೆಡ್ಡೆಲ್ಲ ನಗುತ್ತಿತ್ತು. ಸೊಸೆಯೂ ನಗುತ್ತಿದ್ದಳು, ಆದರೆ ಇನ್ನೊಂದು ಗ್ಲೌಸನ್ನು ಕಿವಿಗೆ ಹಿಡಿಯುವುದನ್ನು ಬಿಡುತ್ತಿರಲಿಲ್ಲ.

ಅದು ಕೊಕ್ಕೆ, ಚಿಲಕ, ಬೋಲ್ಟುಗಳಿಗೆ ಸತುವಿನ ಲೇಪ ಹಾಕುವ ಶೆಡ್ಡು. ಒಂದು ಕಡೆ ಆಸಿಡ್ ತೊಟ್ಟಿಗಳು. ತುಕ್ಕು ಹಿಡಿದ ಕಬ್ಬಿಣ ಅಲ್ಲಿ ಮುಳುಗಿ ಬೆತ್ತಲಾಗುತ್ತಿತ್ತು. ಇನ್ನೊಂದು ಕಡೆ ಲೇಪದ ತೊಟ್ಟಿಗಳು. ಅವುಗಳ ನೀರಿನಲ್ಲಿ ಸಯನೈಡ್ ಇತ್ತು. ಎರಡರ ನಡುವೆ ನೆಲದ ಮೇಲೆ ಗೇಣೆತ್ತರದ ಸಿಮೆಂಟು ಕಟ್ಟೆ. ಈ ಕಡೆಯ ಚರಂಡಿ ಬೇರೆ, ಆ ಕಡೆಯದು ಬೇರೆ. ಆಸಿಡ್ ಹರಿದು ಸಯನೈಡಿಗೆ ಸೇರಿದರೆ ಏಳುವ ಗಾಳಿ ಮನುಷ್ಯನನ್ನು ಬಾಗಿಲವರೆಗೂ ಬಿಡುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಎಲ್ಲರಿಗೂ ಇದನ್ನು ಹೇಳುತ್ತಿದ್ದವಳು ಅತ್ತೆಯೇ. ಅವಳು ಆ ಶೆಡ್ಡಿನ ಮೇಸ್ತ್ರಿ.

ಆ ಕಟ್ಟೆಯನ್ನು ಒಂದು ಕಡೆ ಕಡಿಸಿದವಳೂ ಅವಳೇ. ಮಂಡಿ ನೋವು ಶುರುವಾದ ಮೇಲೆ ತಳ್ಳುಗಾಡಿಯನ್ನು ಕಟ್ಟೆ ಹತ್ತಿಸಿ ಇಳಿಸುವುದು ಅವಳಿಂದ ಆಗುತ್ತಿರಲಿಲ್ಲ. ಗಾಡಿ ಹೋಗುವಷ್ಟು ಜಾಗ ಕಡಿಸಿಬಿಡಿ ಎಂದು ಶೆಡ್ಡಿನ ಯಜಮಾನರಿಗೆ ಹೇಳಿದಳು. ಅವರು ಕಡಿಸಿದರು.

"ಕಡಿಯೋ ಬದಲು ಎರಡೂ ಕಡೆ ಇಳಿಜಾರು ಮಾಡಿಸಬಹುದಿತ್ತಲ್ವಾ ಅತ್ತೆ?" ಎಂದಿದ್ದಳು ಸೊಸೆ.

"ನಿನ್ನ ಇಳಿಜಾರು ಮುಗಿಯೋ ಹೊತ್ತಿಗೆ ನಾನು ಮಣ್ಣಾಗಿರ್ತೀನಿ."

ಅತ್ತೆ ಕೆಲಸ ಬಿಡುವ ವಾರ ಅದು. ಮುಂದಿನ ಮೇಸ್ತ್ರಿ ಯಾರೆಂದು ಇವತ್ತು ಸಂಜೆಯೊಳಗೆ ಹೇಳು ಎಂದು ಯಜಮಾನರು ಕೇಳಿದ್ದರು. ಅತ್ತೆ ಪಾಲಿಶ್ ಕೆಲಸದವನ, ಎಲ್ಲರೂ ಪಾಲಿಶ್ ಅಣ್ಣ ಎನ್ನುತ್ತಿದ್ದವನ ಹೆಸರು ಹೇಳುವವಳಿದ್ದಳು. ಅವನ ಕೈ ಚುರುಕು. ಸೊಸೆ ಆಸಿಡ್ ಕೆಲಸವನ್ನು ಅವನಿಗಿಂತ ಹೆಚ್ಚು ವರ್ಷ ಮಾಡಿದ್ದಳು, ಆ ಜಾಗ ತನಗೆ ಬೇಕು ಎಂದು ಒಂದು ಸಲ ಬಾಯಿಬಿಟ್ಟು ಕೇಳಿಯೂ ಇದ್ದಳು. ಅತ್ತೆ ಉತ್ತರ ಕೊಟ್ಟಿರಲಿಲ್ಲ. ಮನೆಯವಳನ್ನೇ ಕೂರಿಸಿದಳು ಅಂತ ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂಬುದು ಒಂದು. ನಿಧಾನ ಎಂಬುದು ಇನ್ನೊಂದು.

ಬೆಳಗಿನ ಟೀ ಮುಗಿದಿತ್ತಷ್ಟೆ. ಗಾಡಿಯವನು ಆಸಿಡ್ ಕ್ಯಾನನ್ನು ಗಾಡಿಯ ಮೇಲಿಟ್ಟು ತಳ್ಳಿಕೊಂಡು ಬಂದ. ಕಟ್ಟೆ ಕಡಿದ ಜಾಗದಲ್ಲಿ ಸಿಮೆಂಟಿನ ಅಂಚು ಒರಟಾಗಿಯೇ ಉಳಿದಿತ್ತು. ಚಕ್ರ ಅದಕ್ಕೆ ಸಿಕ್ಕಿತು. ಗಾಡಿ ವಾಲಿತು, ಕ್ಯಾನು ಆಸಿಡ್ ತೊಟ್ಟಿಗಳ ಕಡೆಗೆ ಉರುಳಿತು, ಮುಚ್ಚಳ ಸೀಳಿತು. ಗುಳುಗುಳು ಎಂದು ಸದ್ದು. ನೆಲದಿಂದ ಬಿಳಿ ಹೊಗೆ ಎದ್ದಿತು.

"ನಿಲ್ಲಿ," ಎಂದಳು ಸೊಸೆ. ಕೂಗಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

ಆ ಶೆಡ್ಡಿನಲ್ಲಿ ಒಂದು ಕಟ್ಟುಪಾಡಿತ್ತು. ಆಸಿಡ್ ಚೆಲ್ಲಿದ್ದನ್ನು ಮೊದಲು ಕಂಡು 'ನಿಲ್ಲಿ' ಎಂದವರದೇ ಮಾತು, ನೆಲ ಶುದ್ಧವಾಗುವವರೆಗೆ. ಮೇಸ್ತ್ರಿಯೂ ಕೇಳಬೇಕು, ಯಜಮಾನರೂ ಕೇಳಬೇಕು. ಹಿಂದೊಮ್ಮೆ ಐದಾರು ಜನ ಏಕಕಾಲಕ್ಕೆ ಹುಕುಂ ಕೊಟ್ಟು, ಯಾರೂ ಯಾರ ಮಾತನ್ನೂ ಕೇಳದೆ ಒಬ್ಬನ ಕಣ್ಣು ಹೋಗುವುದರಲ್ಲಿತ್ತು. ಆಮೇಲೆ ಅತ್ತೆಯೇ ಇದನ್ನು ತಂದಳು.

ಆದರೆ ಅತ್ತೆಯ ಕಾಲು ತಲೆಗಿಂತ ಮುಂದಿತ್ತು. ಅವಳು ಆಗಲೇ ನೀರಿನ ಪೈಪ್ ಹಿಡಿದು ನಲ್ಲಿ ತಿರುಗಿಸುತ್ತಿದ್ದಳು. ಈ ಕಡೆ ಚೆಲ್ಲಿದ್ದನ್ನು ನೀರು ಬಿಟ್ಟು ಈ ಕಡೆಯ ಚರಂಡಿಗೆ ತಳ್ಳುವುದು ಅವಳ ಕಾಲದ ರೂಢಿ.

"ಅತ್ತೆ, ಪೈಪ್ ಕೆಳಗಿಡಿ."

"ನೀರು ಬಿಟ್ಟರೆ ಒಂದೇ ನಿಮಿಷ ಕಣೇ."

"ನೀರು ಎಲ್ಲಿಗೆ ಹೋಗುತ್ತೆ ನೋಡಿ."

ಅತ್ತೆ ನೋಡಿದಳು. ಗಾಡಿ ಓಡಾಡಿ ಸವೆದ ನೆಲದಲ್ಲಿ ಒಂದು ತಗ್ಗು ಬಿದ್ದಿತ್ತು. ಆಸಿಡ್ಡಿನ ಒಂದು ಎಳೆ ಆ ತಗ್ಗನ್ನು ಹಿಡಿದು ಕಡಿದ ಜಾಗದ ಕಡೆಗೆ ಮೆಲ್ಲಗೆ ತೆವಳುತ್ತಿತ್ತು. ಕಟ್ಟೆಯಾಚೆ ಲೇಪದ ನೀರು ತೊಟ್ಟಿಕ್ಕಿ ನೆಲ ಯಾವಾಗಲೂ ಒದ್ದೆ. ಅತ್ತೆ ನಲ್ಲಿ ನಿಲ್ಲಿಸಿದಳು. ಪೈಪ್ ಕೆಳಗಿಟ್ಟಳು.

"ಎಲ್ಲರೂ ಹೊರಗೆ. ಹೋಗ್ತಾ ಫ್ಯಾನೆಲ್ಲ ಹಾಕಿ. ಪಾಲಿಶ್ ಅಣ್ಣ, ನೀವು ಮಾಸ್ಕ್, ಬೂಟು ಹಾಕ್ಕೊಂಡು ನನ್ನ ಜೊತೆ ಇರಿ. ಅತ್ತೆ, ಗಾಡಿಯಣ್ಣನ ಕಾಲಿಗೆ ಆಸಿಡ್ ಬಿದ್ದಿದೆ. ಬಾಗಿಲ ಹೊರಗಿನ ಷವರ್ ಕೆಳಗೆ ನಿಲ್ಲಿಸಿ, ಪ್ಯಾಂಟು ಬಿಚ್ಚಿಸಿ ನೀರು ಬಿಡ್ತಾನೇ ಇರಿ. ನಾನು ಹೇಳೋವರೆಗೂ ಬಿಡಬೇಡಿ."

ಷವರ್ ಬಾಗಿಲ ಪಕ್ಕದಲ್ಲೇ ಇತ್ತು; ಅಲ್ಲಿಂದ ಒಳಗೆಲ್ಲ ಕಾಣುತ್ತಿತ್ತು. ಗಾಡಿಯವನು ಪ್ಯಾಂಟಿನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಅಕ್ಕ, ಹೆಂಗಸರೆಲ್ಲ ನೋಡ್ತಾ ಇದ್ದಾರೆ."

"ನೋಡೋ ಅಂಥದ್ದು ಏನೂ ಇಲ್ಲ. ಬಿಚ್ಚು."

ಒಳಗೆ ಸೊಸೆ ಮಾಸ್ಕ್ ಬಿಗಿದಳು. ಅಂಗೈಯಿಂದ ಮುಚ್ಚಿ ಉಸಿರೆಳೆದು, ಸಂದಿಯಿಂದ ಗಾಳಿ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಕನ್ನಡಕ. ಆಮೇಲೆ ಗೂಟದಿಂದ ಉದ್ದ ಗ್ಲೌಸ್ ತೆಗೆದು, ಅದರ ಬಾಯಿ ಸುತ್ತಿ, ಗಾಳಿ ಒತ್ತಿ ಕಿವಿಗೆ ಹಿಡಿದಳು.

"ಅಯ್ಯೋ, ಈಗಲೂನಾ," ಎಂದಳು ಬಾಗಿಲಾಚೆಯಿಂದ ಪ್ಯಾಕಿಂಗ್ ಕೆಲಸದವಳು.

ಆಸಿಡ್ಡಿನ ಎಳೆ ಕಡಿದ ಜಾಗಕ್ಕೆ ಇನ್ನೊಂದು ಮೊಳದ ದೂರದಲ್ಲಿತ್ತು. ಸೊಸೆ ಆ ಗ್ಲೌಸನ್ನು ಪಕ್ಕಕ್ಕೆ ಎಸೆದು ಗೂಟದಿಂದ ಬೇರೊಂದು ತೆಗೆದಳು. ಎಸೆದದ್ದರಲ್ಲಿ ತೂತಿತ್ತು.



ಟೀ ಹೊತ್ತಿಗೆ ಎಲ್ಲರೂ ಕೂರುತ್ತಿದ್ದ ಮರಳಿನ ಚೀಲಗಳು ಬಾಗಿಲ ಬಳಿಯೇ ಇದ್ದವು. ಸೊಸೆ ಮತ್ತು ಪಾಲಿಶ್ ಅಣ್ಣ ಒಂದನ್ನು ಎತ್ತಿ ಒಯ್ದು ಕಡಿದ ಜಾಗಕ್ಕೆ ಅಡ್ಡ ಹಾಕಿದರು. ಇನ್ನೊಂದನ್ನು ಸೀಳಿ ಸಂದಿಗಳಿಗೆ ಮರಳು ತುಂಬಿದರು. ಎಳೆ ಬಂದು ಮರಳಿಗೆ ತಾಗಿತು, ಅಲ್ಲೇ ನಿಂತಿತು. ಆಮೇಲೆ ಕ್ಯಾನನ್ನು ಎತ್ತಿ ನಿಲ್ಲಿಸಿದರು. ಗುಳುಗುಳು ಸದ್ದು ನಿಂತಿತು.

ಪಾಲಿಶ್ ಅಣ್ಣ ಆಸಿಡ್ಡಿನ ಕಸುವು ತೆಗೆಯುವ ಸೋಡಾ ಪುಡಿಯ ಡಬ್ಬವನ್ನೇ ಎತ್ತಿ ನಡುವೆ ಸುರಿಯಲು ಹೋದ. ಸೊಸೆ ಕೈ ಅಡ್ಡ ಹಿಡಿದಳು. ಒಂದೇ ಸಲ ಸುರಿದರೆ ಉಕ್ಕಿ ಮುಖಕ್ಕೆ ಸಿಡಿಯುತ್ತದೆ. ಅವಳು ಉದ್ದ ಹಿಡಿಯ ಸಲಿಕೆಯಲ್ಲಿ ಸ್ವಲ್ಪ ಸ್ವಲ್ಪವೇ ಪುಡಿ ತೆಗೆದು ಅಂಚಿನಿಂದ ಸುತ್ತುತ್ತ ಉದುರಿಸಿದಳು. ನೊರೆ ಏಳುವುದು, ಇಳಿಯುವುದು. ಇಳಿದ ಮೇಲೆ ಇನ್ನೊಂದು ಸಲಿಕೆ. ಅವಸರವಿಲ್ಲ. ರಂಪವಿಲ್ಲ. ಹೊಗೆ ತೆಳುವಾಗುತ್ತ ಬಂತು.

ಅತ್ತೆ ಕಣ್ಣು ಕೀಳದೆ ನೋಡುತ್ತಿದ್ದಳು. ಈ ಕೆಲಸ ಗೊತ್ತಿದ್ದವಳು ಅವಳು. ಒಂದು ಸಲಿಕೆಯೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲ ಎಂಬುದು ಅವಳಿಗೆ ಕಂಡಿತು.

"ಅದು ನಿಮ್ಮ ಸೊಸೆ ಅಲ್ವಾ?" ಎಂದು ಪಕ್ಕದ ಗೋದಾಮಿನಿಂದ ಓಡಿ ಬಂದಿದ್ದ ಡ್ರೈವರ್ ಕೇಳಿದ.

"ಮತ್ತೆ? ನಿಮ್ಮನೇದಾ?" ಎಂದಳು ಅತ್ತೆ. ದನಿ ಸ್ವಲ್ಪ ಜೋರಾಗಿಯೇ ಇತ್ತು. "ಏಯ್, ಆ ಇನ್ನೊಂದು ಕಾಲೂ ನೀರಿಗಿಡೋ."

ಯಜಮಾನರು ಆಫೀಸಿನಿಂದ ಬಂದವರು ನೇರ ಒಳಗೆ ಹೆಜ್ಜೆ ಇಟ್ಟರು. ಅತ್ತೆ ಒದ್ದೆ ಕೈ ಅಡ್ಡ ಚಾಚಿದಳು.

"ಹೋಗಬೇಡಿ. ಮೇಸ್ತ್ರಿ ಇನ್ನೂ ಹೇಳಿಲ್ಲ."

"ಮೇಸ್ತ್ರಿ ನೀನೇ ಅಲ್ವೇನಮ್ಮ?"

"ನಾನು ಷವರ್ ಹತ್ತಿರ ಡ್ಯೂಟಿ. ಮೇಸ್ತ್ರಿ ಒಳಗಿದ್ದಾಳೆ." ಅತ್ತೆ ಒಳಗಿನತ್ತ ಕೈ ತೋರಿಸಿದಳು. "ಸಂಜೆಗೆ ಹೇಳು ಅಂದಿದ್ರಲ್ಲ. ಈಗಲೇ ಹೇಳಿದೀನಿ. ಆಡಿಕೊಳ್ಳೋರು ಆಡಿಕೊಳ್ಳಲಿ."

ಯಜಮಾನರು ಅವಳ ಮುಖ ನೋಡಿದರು, ಒಳಗೆ ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

ಆಸಿಡ್ ಉಳಿದಿದೆಯೇ ಎಂದು ನೋಡಲು ನೆಲದ ನೀರಿಗೆ ಅದ್ದಿದ ಪರೀಕ್ಷೆಯ ಕಾಗದ ಮೊದಲ ಸಲ ಕೆಂಪಾಯಿತು. ಸೊಸೆ ಮತ್ತೆ ಪುಡಿ ಹಾಕಿ ಕಾದಳು. ಆಮೇಲೆ ಮೂಲೆಯಲ್ಲೊಂದು, ತಗ್ಗಿನಲ್ಲೊಂದು, ಮರಳಿನ ಬುಡದಲ್ಲೊಂದು ಅದ್ದಿ ನೋಡಿದಳು. ಎಲ್ಲೂ ಕೆಂಪಾಗಲಿಲ್ಲ. ಕೆಸರನ್ನೆಲ್ಲ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಮೇಲೆ ಚೀಟಿ ಅಂಟಿಸಿ, ಗ್ಲೌಸನ್ನು ಕೈಯಲ್ಲಿರುವಾಗಲೇ ತೊಳೆದು ಹೊರಬಂದಳು. ಮುಖದ ಮೇಲೆ ಮಾಸ್ಕಿನ ಗುರುತು ಬಿದ್ದಿತ್ತು.

ಗಾಡಿಯವನ ಕಾಲು ನೋಡಿದಳು. ಕೆಂಪಾಗಿತ್ತು, ಬೊಬ್ಬೆ ಇರಲಿಲ್ಲ. "ಆದ್ರೂ ಡಾಕ್ಟರಿಗೆ ತೋರಿಸಿ ಅಣ್ಣ. ಪ್ಯಾಂಟು ಬೇರೆ ಹಾಕ್ಕೊಂಡು ಹೋಗಿ."

"ಕೆಲಸ ಶುರು ಮಾಡಬಹುದಾ?" ಎಂದು ಯಜಮಾನರು ಅತ್ತೆಯನ್ನು ಕೇಳಿದರು. ಅತ್ತೆ ಗಲ್ಲ ಎತ್ತಿ ಸೊಸೆಯನ್ನು ತೋರಿಸಿದಳು.

"ಕಟ್ಟೆ ಮುಚ್ಚೋವರೆಗೂ ಬೇಡ ಸಾರ್," ಎಂದಳು ಸೊಸೆ. "ಮೊದಲಿನ ಹಾಗೆ ಪೂರ್ತಿ ಕಟ್ಟಿಸಿ, ಎರಡೂ ಕಡೆ ಇಳಿಜಾರು ಮಾಡಿಸ್ಬೇಕು."

"ಎಷ್ಟು ದಿನ ಹಿಡಿಯುತ್ತೆ?"

"ಸಿಮೆಂಟು ಒಣಗೋಕೆ ಎಷ್ಟು ಬೇಕೋ ಅಷ್ಟು."

ಯಜಮಾನರು ಹುಬ್ಬು ಗಂಟಿಕ್ಕಿ ಅತ್ತೆಯ ಕಡೆ ತಿರುಗಿದರು. ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು.

"ನನ್ನನ್ನೇನು ನೋಡ್ತೀರಿ? ಅವಳು ಇರೋದೇ ಹಾಗೆ," ಎಂದಳು. "ಮನೇಲೂ ಹೀಗೇ. ಕಾದು ಕಾದು ನನಗೆ ಅಭ್ಯಾಸ ಆಗಿದೆ. ನಿಮಗೂ ಆಗುತ್ತೆ."