ಪಂದ್ಯಕ್ಕೆ ಇಟ್ಟ ಹಲಗೆ

೧೯೮೪ರ ಬೇಸಗೆಯಲ್ಲಿ ಶಂಭುವಿನ ಭಾವ ದುಬೈಯಿಂದ ಬರುವಾಗ ಒಂದು ಸ್ಕೇಟ್‌ಬೋರ್ಡು ತಂದುಕೊಟ್ಟ. ಕೆಂಪು ಹಲಗೆ, ಅಡಿಯಲ್ಲಿ ನಾಲ್ಕು ಹಳದಿ ಗಾಲಿ. ಮೂಡುಬಿದಿರೆಯಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಊರಿನ ರಸ್ತೆಗಳಲ್ಲೆಲ್ಲ ಜಲ್ಲಿ ಎದ್ದಿತ್ತು. ಅದು ಓಡುವಂಥ ನುಣುಪು ನೆಲ ಇದ್ದದ್ದು ಬಸ್‌ಸ್ಟ್ಯಾಂಡಿನ ಹೊಸ ಕಾಂಕ್ರೀಟು ಅಂಗಳದಲ್ಲಿ ಮಾತ್ರ. ಶಂಭುವಿನ ತಂದೆಯ ಹೋಟೆಲೂ ಅಲ್ಲೇ.

ಇಪ್ಪತ್ತು ವರ್ಷದ ಶಂಭು ಮೊದಲ ವಾರವಿಡೀ ಬಿದ್ದ. ಹೋಟೆಲಿನ ಧನಿಯ ಮಗನೆಂದು ಯಾರೂ ನಗಲಿಲ್ಲ. ಅವನಿಗೆ ಹೇಳಿಕೊಟ್ಟದ್ದು ಕೊಡೆ ರಿಪೇರಿಯ ಧರ್ಣಪ್ಪ.

ಧರ್ಣಪ್ಪನಿಗೆ ಮೊಣಕಾಲಿನಿಂದ ಕೆಳಗೆ ಎರಡೂ ಕಾಲಿರಲಿಲ್ಲ. ಕೆಂಪುಕಲ್ಲಿನ ಲಾರಿ ಅವನ ಮೇಲೆ ಮಗುಚಿ ಒಂಬತ್ತು ವರ್ಷವಾಗಿತ್ತು. ಹಲಸಿನ ಹಲಗೆಗೆ ಹಳೆಯ ಬೇರಿಂಗು ಕೂರಿಸಿ, ಅದರ ಮೇಲೆ ಕೂತು, ಎರಡು ಮರದ ತುಂಡುಗಳಿಂದ ನೆಲ ನೂಕುತ್ತ ದಿನಾ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದ.

"ಸಣ್ಣ ಧನಿಗಳೇ, ಗಾಲಿ ನೋಡ್ಬೇಡಿ, ಹೋಗುವ ಕಡೆ ನೋಡಿ. ತಿರುಗುವಾಗ ಸೊಂಟ ಮೊದಲು ತಿರುಗ್ಬೇಕು."

ಹದಿನೈದು ದಿನದಲ್ಲಿ ಶಂಭು ಅಂಗಳದ ಇಳಿಜಾರನ್ನು ಮೇಲಿನ ಗೇಟಿನಿಂದ ಕೆಳಗಿನ ಚರಂಡಿಯವರೆಗೆ ಇಳಿಯತೊಡಗಿದ. ನೋಡಲು ಜನ ಬಸ್ಸು ಬಿಟ್ಟು ನಿಲ್ಲುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಅವರೆಲ್ಲರ ಎದುರು ಅವನು ಕೂಗಿದ: "ಧರ್ಣಪ್ಪ, ಚರಂಡಿವರೆಗೆ ಒಂದು ಪಂದ್ಯ ಆಡುವಾ? ನೀನು ಗೆದ್ರೆ ಈ ಬೋರ್ಡು ನಿಂಗೆ."

"ತಮಾಷೆ ಮಾಡ್ಬೇಡಿ ಧನಿ."

"ತಮಾಷೆ ಅಲ್ಲ ಮಾರಾಯ. ಇಷ್ಟು ಜನರ ಎದುರು ಹೇಳ್ತಾ ಇದ್ದೇನೆ."

ಧರ್ಣಪ್ಪ ಆ ಹಳದಿ ಗಾಲಿಗಳನ್ನು ನೋಡಿದ. ಮೆತ್ತನೆಯ ಗಾಲಿಗಳು. ತನ್ನ ಬೇರಿಂಗು ಉರುಳಿದರೆ ಬೆನ್ನುಮೂಳೆಯೆಲ್ಲ ಅದುರುತ್ತಿತ್ತು. "ಆಗಲಿ," ಎಂದ.

ಇಬ್ಬರೂ ಗೇಟಿನಿಂದ ಹೊರಟರು. ನಡುವಿನ ದೀಪದ ಕಂಬವನ್ನು ಸುತ್ತಿ ಹೋಗುವಾಗ ಶಂಭು ಜನರ ಕಡೆ ನೋಡಿದ. ಬೋರ್ಡು ಕಾಲಡಿಯಿಂದ ಜಾರಿತು, ಅವನು ಅಂಗಾತ ಬಿದ್ದ. ಧರ್ಣಪ್ಪ ಎದೆಯನ್ನು ಹಲಗೆಗೆ ಬಗ್ಗಿಸಿ, ಕಿಡಿ ಹಾರಿಸುತ್ತ ಚರಂಡಿಯವರೆಗೆ ಹೋಗಿ ನಿಂತ. ಜನ ಸಿಳ್ಳೆ ಹೊಡೆದರು. ಅವನಿಗೆ ನಗು ತಡೆಯಲಾಗಲಿಲ್ಲ.

"ಧನಿ, ಬೋರ್ಡು?"

ಶಂಭು ಪ್ಯಾಂಟಿನ ಧೂಳು ಕೊಡವಿಕೊಂಡ. "ಇದು ನಿಂತು ಹೋಗುವ ಸಾಮಾನು. ಕಾಲು ತಾ, ಕೊಡ್ತೇನೆ."

ಒಬ್ಬ ನಕ್ಕ. ಮತ್ತೆ ಎಲ್ಲರೂ ನಕ್ಕರು. ದಿನಾ ತನ್ನ ಚಹಾದಲ್ಲಿ ಅವನಿಗೆ ಅರ್ಧ ಕೊಡುವ, ಹೂ ಮಾರುವ ಪೂವಮ್ಮ ಕೂಡ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದುದನ್ನು ಧರ್ಣಪ್ಪ ಕಂಡ.

"ಜನರ ಎದುರು ಹೇಳಿದ್ದು ನೀವೇ," ಎಂದ.

ಶಂಭುವಿನ ಮುಖ ಕೆಂಪಾಯಿತು. ಧರ್ಣಪ್ಪನ ಕಂಕುಳಿಗೆ ಕೈಹಾಕಿ ಎತ್ತಿ ನೆಲದ ಮೇಲೆ ಕುಕ್ಕಿದ. ನಾರಾವಿಯ ಬಸ್ಸು ಹೊರಡುತ್ತಿತ್ತು. ಹಲಸಿನ ಹಲಗೆಯನ್ನೂ ಮರದ ತುಂಡುಗಳನ್ನೂ ಬಸ್ಸಿನ ತಲೆಯ ಮೇಲೆ ಎಸೆದ.

"ಹೋಗು, ಓಡಿ ಹಿಡಿ!"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು. ನಗು ಇನ್ನೂ ಜೋರಾಯಿತು. ಅಷ್ಟರಲ್ಲಿ ಬೇರೆ ಬಸ್ಸು ಬಂತು, ಎಲ್ಲರೂ ಸೀಟು ಹಿಡಿಯಲು ಓಡಿದರು.

ಕಾಂಕ್ರೀಟು ಕಾದ ಕಾವಲಿಯಂತಿತ್ತು. ಪೂವಮ್ಮ ಗೋಣಿ ತಂದಳು. "ಇದರ ಮೇಲೆ ಕೂತ್ಕೋ, ಮನೆವರೆಗೆ ಎಳೀತೇನೆ."

"ನೀನೂ ನಗಾಡಿದ್ದಿ."

"ಎಲ್ಲರೂ ನಗಾಡುವಾಗ ಬಂದುಬಿಟ್ಟಿತು ಮಾರಾಯ."

ಅವನು ಗೋಣಿ ಮುಟ್ಟಲಿಲ್ಲ. ಅಂಗೈ ಊರಿ, ಮೊಂಡುಗಾಲು ಎಳೆಯುತ್ತ, ಒಂದು ಮೈಲು ತೆವಳಿದ. ಮನೆ ಮುಟ್ಟುವಾಗ ಸಂಜೆಯಾಗಿತ್ತು, ಅಂಗೈಯಲ್ಲಿ ಚರ್ಮವಿರಲಿಲ್ಲ. ಹಲಗೆ ಯಾವುದೋ ತಿರುವಿನಲ್ಲಿ ಬಿತ್ತೆಂದು ಮರುದಿನ ಕಂಡಕ್ಟರ್ ಹೇಳಿಕಳಿಸಿದ.

ಹೊಸ ಹಲಗೆ ಮಾಡಿಸಿಕೊಂಡು ಅವನು ಮರಳಿ ಬರುವಾಗ ಆಷಾಢ. ಮೊದಲ ದಿನವೇ ಹೋಟೆಲಿನಿಂದ ಶಂಭುವಿನ ಕೊಡೆ ಬಂತು, ಎರಡು ಕಡ್ಡಿ ಮುರಿದಿತ್ತು. ಧರ್ಣಪ್ಪ ಅದನ್ನು ತುಂಬ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಬೆಳಿಗ್ಗೆಯಿಂದ ಬೇರೆ ಗಿರಾಕಿ ಬಂದಿರಲಿಲ್ಲ. ರಿಪೇರಿ ಮಾಡಿಕೊಟ್ಟ.