ಸರೋಜವ್ವಾರ ರೊಟ್ಟಿ

ಎಡಗೈ ತೊಳೆದು ಮುಗಿಸಿ ಜಯಶ್ರೀ ಅತ್ತೆಯ ಬಲಗೈ ಹಿಡಿದಳು. ಹಿಟ್ಟು ಹೆಚ್ಚು ಹತ್ತಿದ್ದು ಈ ಕೈಗೇ. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಅಂಗೈಯ ಗೆರೆಗಳಲ್ಲಿ ಜೋಳದ ಹಿಟ್ಟು ಒಣಗಿ ಕೂತಿತ್ತು. ಬಿಸಿನೀರಲ್ಲಿ ನೆನೆಸಿದರೂ ಬಿಡಲೊಲ್ಲದು. ತೆಂಗಿನ ನಾರು ತೆಗೆದುಕೊಂಡು ತಿಕ್ಕಿದಳು. ಅತ್ತೆಗೆ ನೋವಾದೀತೆಂದು ಒಮ್ಮೆ ಕೈ ತಡೆದಳು. ಆಮೇಲೆ ನೆನಪಾಗಿ ಮತ್ತೆ ತಿಕ್ಕತೊಡಗಿದಳು.

"ತಿಕ್ಕವಾ, ಚಂದಂಗ ತಿಕ್ಕು. ಊರಾಗಿನ ದೊಡ್ಡ ಮಂದಿ ನೋಡಾಕ ಬರ್ತಾರಂತ," ಎಂದಳು ಚೊಂಬಿನಿಂದ ನೀರು ಹಾಕುತ್ತಿದ್ದ ನೆರೆಮನೆಯ ಅಡಿವೆವ್ವ. ಮಾತಿನಲ್ಲಿ ಕೊಂಕಿತ್ತು.

ಕೊಂಕಿಗೆ ಕಾರಣವೂ ಇತ್ತು. ಉಡಚವ್ವ ಸತ್ತದ್ದು ಬೆಳಗಿನ ಐದೂವರೆಗೆ, ಸರೋಜವ್ವನ ಹೊಲದ ಶೆಡ್ಡಿನಲ್ಲಿ, ಉರಿಯುವ ಒಲೆಯ ಮುಂದೆ. ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಎದುರಿಗೆ ಕೂತು ಬೇಯಿಸುತ್ತಿದ್ದ ಸೊಸೆ ಜಯಶ್ರೀ ಎದ್ದು ಹಿಡಿಯುವಷ್ಟರಲ್ಲಿ ಮಾತು ನಿಂತಿತ್ತು. ಓಡಿ ಬಂದ ಸರೋಜವ್ವ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟಳು. ಎರಡು ಗುಟುಕು ಇಳಿಯಿತು, ಮೂರನೆಯದು ಇಳಿಯಲಿಲ್ಲ.

ಊರಿಗೆ ಹೋದ ಸುದ್ದಿಯೇ ಬೇರೆ. ಸರೋಜವ್ವನ ಹೊಲಕ್ಕೆ ಕೂಲಿಗೆ ಹೋದಾಕೆ ಎದೆ ಹಿಡಿದುಕೊಂಡು ಬಿದ್ದಳಂತೆ. ಆ ಸುದ್ದಿ ಕಟ್ಟಿದವಳು ಸರೋಜವ್ವನೇ. ಹೆಣವನ್ನು ಟಂಟಂ ಗಾಡಿಗೆ ಏರಿಸುವಾಗ ಜಯಶ್ರೀಯ ಹತ್ತಿರ ಬಂದು, "ಮೊದಲ ಆಕಿ ಕೈ ತೊಳಿ. ಹಿಟ್ಟು ಯಾರ ಕಣ್ಣಿಗೂ ಬೀಳಬಾರದು," ಎಂದಿದ್ದಳು. ಹಾಗೆನ್ನುವಾಗ ಅವಳ ಕಣ್ಣಿಂದ ನೀರು ಸುರಿಯುತ್ತಿದ್ದದ್ದೂ ಸುಳ್ಳಲ್ಲ.

*

ಒಂಬತ್ತು ವರ್ಷದ ಹಿಂದೆ ಸರೋಜವ್ವ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಳು. ಲಿಂಗಾಯತರ ಓಣಿಯ ಹೆಣ್ಣು, ಗಂಡ ತೀರಿದ ಮೇಲೆ ರೊಟ್ಟಿ ಬಡಿದೇ ಮನೆ ನಿಲ್ಲಿಸಿದವಳು. ಚಿಕ್ಕೇರೂರಿನಿಂದ ಹಂಸಭಾವಿಯವರೆಗೆ ಯಾರ ಮನೆಯಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಗರಿಗರಿ ಒಣಗಿದ ಕಟಕ ರೊಟ್ಟಿ ಮಾತ್ರ ಸರೋಜವ್ವನದೇ ಬೇಕು. ಕೈಗೆ ಪ್ಲಾಸ್ಟರ್ ಬಿದ್ದ ವಾರವೇ ಒಂದು ಮದುವೆಗೆ ಮುನ್ನೂರು ರೊಟ್ಟಿ ಒಪ್ಪಿಕೊಂಡಿದ್ದಳು. ಕೊಟ್ಟಿಗೆಯ ಸಗಣಿ ಬಳಿಯಲು ಬರುತ್ತಿದ್ದ ಉಡಚವ್ವ, ಅವಳು ತಲೆಯ ಮೇಲೆ ಕೈ ಹೊತ್ತು ಕೂತದ್ದು ನೋಡಿ, "ನಾ ಬಡದ ಕೊಡ್ಲೇನ್ರೀ ಅವ್ವಾರ?" ಎಂದು ನಗೆಯಾಡಿದಳು.

ಸರೋಜವ್ವ ನಗಲಿಲ್ಲ. ಬಾಗಿಲಾಚೆ ಯಾರಾದರೂ ಇದ್ದಾರೋ ಎಂದು ನೋಡಿದಳು.

"ಮನಿಯಾಗ ಬ್ಯಾಡ. ಹೊಲದ ಶೆಡ್ಡಿನ್ಯಾಗ ಬಡಿ. ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದಳು.

ಸರೋಜವ್ವನ ರೊಟ್ಟಿ ಈ ಸಲ ಇನ್ನೂ ತೆಳ್ಳಗಿದೆ ಎಂದು ಬೀಗರೆಲ್ಲ ಹೊಗಳಿದರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈಗೆ ಮೊದಲಿನ ಕಸುವು ಬರಲಿಲ್ಲ. ಒಂದು ವಾರದ ಕೆಲಸ ಒಂಬತ್ತು ವರ್ಷ ನಡೆಯಿತು. ಊರಿಗೆ ಗೊತ್ತಾಗಲಿಲ್ಲ. ಊರಾಚೆ ಉಡಚವ್ವ ಇದ್ದ ಕೇರಿಗೆ ಗೊತ್ತಿತ್ತು, ಆದರೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದು ಕೇರಿಯವರಿಗೆ ಹೊಸದೇನಲ್ಲ.

ನೋಡಬೇಕಿತ್ತು ಉಡಚವ್ವನ ಕೈಯನ್ನು. ಎಸರು ಹಾಕಿ ನಾದಿದ ಹಿಟ್ಟಿನ ಮುದ್ದೆಯನ್ನು ತಿರುಗಿಸುತ್ತ ಬಡಿದರೆ ಅದು ತಾನಾಗಿ ಹರಡಿಕೊಂಡು ಹಂಚಿನಗಲ ಆಗುತ್ತಿತ್ತು, ಅಂಚು ಎಲ್ಲೂ ಬಿರಿಯುತ್ತಿರಲಿಲ್ಲ. ಎಂಟು ಗಂಟೆಗೆ ಅಡಿವೆವ್ವ ಜಯಶ್ರೀಯ ಮಕ್ಕಳಿಬ್ಬರನ್ನೂ ತಂದು ಶೆಡ್ಡಿಗೆ ಬಿಡುತ್ತಿದ್ದಳು. ಕೂಸು ದುರ್ಗೇಶನಿಗೆ ಸೀರೆಯ ಜೋಳಿಗೆ, ನಾಲ್ಕು ವರ್ಷದ ಮಧುಶ್ರೀಗೆ ಅಜ್ಜಿಯ ಮಗ್ಗುಲು. ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಆಯಿ ಅವಳಿಗೆಂದೇ ಅಂಗೈಯಗಲದ ಪುಟ್ಟ ರೊಟ್ಟಿ ಬಡಿದು ಬೆಲ್ಲ ಇಟ್ಟು ಕೊಡುವಳು. ಮಧುಶ್ರೀ ಅದನ್ನು ತಿನ್ನುತ್ತ ಬುಟ್ಟಿಗೆ ಬೀಳುವ ರೊಟ್ಟಿಗಳನ್ನು ಎಣಿಸುವಳು. ಇಪ್ಪತ್ತರ ಮುಂದೆ ಬಾರದ್ದರಿಂದ ಮತ್ತೆ ಒಂದರಿಂದ ಶುರು. ಬುಟ್ಟಿ ತುಂಬಿದ ಮೇಲೆ ಬಿಳಿ ಅರಿವೆ ಹೊಚ್ಚುವುದು ಅವಳದೇ ಕೆಲಸ. ಬೇರೆ ಯಾರಾದರೂ ಹೊಚ್ಚಿದರೆ ಅಳುತ್ತಿದ್ದಳು.

*

ಹೆಣವನ್ನು ಮನೆಯ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಹೊಸ ಸೀರೆ, ಕೊರಳ ತುಂಬ ಮಾಲೆ. ತೊಳೆದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಮಗ ಹುಲಗೇಶ ಬಂದು ಮುಟ್ಟುವುದು ನಾಲ್ಕರ ಮೇಲೆ. ಅವನು ಬರದೆ ಮಣ್ಣು ಮಾಡುವಂತಿಲ್ಲ, ಹೆಣ ಇರುವ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಹಸಿದು ರಚ್ಚೆ ಹಿಡಿದವು.

ಒಂದು ಗಂಟೆಗೆ ಸರೋಜವ್ವ ಬಂದಳು. ಹಿಂದೆ ಆಳಿನ ತಲೆಯ ಮೇಲೊಂದು ಬುಟ್ಟಿ. ಅವಳು ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೆಣಕ್ಕೆ ಮಾಲೆ ಹಾಕಿದಳು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

"ನಿಮ್ಮ ಮನ್ಯಾಗ ಒಲಿ ಹಚ್ಚೂದಿಲ್ಲಲ್ಲ. ಮಕ್ಕಳು ಮರಿ ಉಪವಾಸ ಇರಬಾರದಂತ ನಾಕ ರೊಟ್ಟಿ, ಪಲ್ಯ ತಂದೇನಿ," ಎಂದಳು.

ಜಯಶ್ರೀ ಅರಿವೆ ಸರಿಸಿ ನೋಡಿದಳು. ನಿನ್ನೆ ಬಡಿದ ರೊಟ್ಟಿ. ತನ್ನ ಸಾವಿನ ದಿನದ ಊಟವನ್ನು ಅತ್ತೆ ಹಿಂದಿನ ದಿನವೇ ಬಡಿದಿಟ್ಟಿದ್ದಳು, ಅದೀಗ ಇನ್ನೊಬ್ಬರ ದಾನವಾಗಿ ಮನೆಗೆ ಬಂದಿತ್ತು.

"ದೊಡ್ಡ ಮನಸ ಬಿಡ್ರಿ ನಿಮ್ದು," ಎಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಪರಮೇಶಪ್ಪ. ಪಂಚಾಯ್ತಿ ಸದಸ್ಯ, ಕೇರಿಯ ವೋಟು ಬೇಕಾದವನು, ಹಾಗಾಗಿ ಯಾರು ಸತ್ತರೂ ಮಾಲೆ ತರುತ್ತಿದ್ದ. "ಸರೋಜವ್ವಾರ ರೊಟ್ಟಿ ಅಂದ್ರ ಸುಮ್ನ ಅಲ್ಲ. ನಾಡದ ನಮ್ಮ ಮೊಮ್ಮಗಳ ಲಗ್ನಕ್ಕ ಐದನೂರು ಹೇಳೇನಿ. ಅಡ್ಡಿ ಇಲ್ಲಲ್ರೀ?"

"ಏನೂ ಅಡ್ಡಿ ಇಲ್ರಿ," ಎಂದಳು ಸರೋಜವ್ವ. ಕಣ್ಣು ಜಯಶ್ರೀಯ ಮೇಲಿತ್ತು.

ಆಮೇಲೆ ಅವಳನ್ನು ಗೋಡೆಯ ಮರೆಗೆ ಕರೆದಳು. "ನಾಡದ ನೀನ ಬಡೀಬೇಕು ಜಯಾ. ಇನ್ನ ಮ್ಯಾಲೆ ಆ ಒಲಿ ನಿಂದ. ಗೊತ್ತಾತಂದ್ರ ಒಬ್ಬರೂ ನನ್ನ ರೊಟ್ಟಿ ಮುಟ್ಟೂದಿಲ್ಲ. ನನ್ನ ಮನಿನೂ ಮುಳಗತೈತಿ, ನಿನ್ನ ಮಕ್ಕಳ ಹೊಟ್ಟಿ ಮ್ಯಾಲೂ ಕಲ್ಲ ಬೀಳತೈತಿ."

"ಇವತ್ತ ಒಂದ ದಿವಸ ಆಕಿ ಹೆಸರ ಹೇಳ್ರೀ ಅವ್ವಾರ."

"ಹೇಳಬಾರದಂತ ನನಗ ಆಸೆ ಐತೇನ? ನನ್ನ ಮಂದಿ ನಿನಗ ಗೊತ್ತಿಲ್ಲ." ಸರೋಜವ್ವ ಮುಖ ಒರೆಸಿಕೊಂಡು ಮಂದಿಯ ನಡುವೆ ಹೋಗಿ ನಿಂತಳು.

*

ಹೋದ ವರ್ಷ ಊರ ಮದುವೆಯೊಂದರಲ್ಲಿ ಕೇರಿಯವರಿಗೆ ಮಂಟಪದ ಹಿಂದೆ, ಕೊನೆಯ ಪಂಕ್ತಿಯಲ್ಲಿ ಬಡಿಸಿದ್ದರು. ಬಡಿಸುವ ಹುಡುಗ ಉಡಚವ್ವನ ಎಲೆಗೆ ರೊಟ್ಟಿ ಹಾಕಿ, "ಸಾವಕಾಶ ತಿನ್ರಿ. ಸರೋಜವ್ವಾರ ರೊಟ್ಟಿ ಇವು. ಇಂಥಾವು ನಿಮ್ಮ ಕೇರ್ಯಾಗ ಯಾರಿಗೆ ಬಡಿಯಾಕ ಬರಬೇಕು?" ಎಂದ. ಜಯಶ್ರೀಗೆ ಮೈಯೆಲ್ಲ ಉರಿಯಿತು. ಉಡಚವ್ವ ಮಾತ್ರ ಮುಖ ಗಂಭೀರ ಮಾಡಿಕೊಂಡು, "ಹೌದಪ್ಪಾ, ಎಲ್ಲಿ ಬರಬೇಕು? ಇನ್ನೊಂದ ಹಾಕು," ಎಂದಳು.

ಮನೆಗೆ ಬರುವಾಗ ದಾರಿಯ ಮೋರಿಯ ಕಟ್ಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

"ಇದ್ದಾಗ ಬ್ಯಾಡ ಜಯಾ. ಇದ್ದಾಗ ಹೇಳಿದ್ರ ಒಲಿ ಆರತೈತಿ," ಎಂದಳು. "ನಾ ಸತ್ತ ದಿವಸ ಆದ್ರೂ ಯಾರರ ಒಬ್ಬರು ನಾಕ ಮಂದ್ಯಾಗ ಹೇಳಲಿ, ಬಡದಕಿ ಉಡಚವ್ವ ಅಂತ. ಮತ್ತೇನ ಬ್ಯಾಡ ನನಗ."

"ಯಾರೂ ಹೇಳದಿದ್ರ ನಾ ಹೇಳ್ತೇನಿ ಬಿಡತ್ತಿ," ಎಂದಿದ್ದಳು ಜಯಶ್ರೀ. ಆಗ ಅದು ಬಹಳ ಸುಲಭದ ಮಾತೆನಿಸಿತ್ತು.

*

ಮೂರು ಗಂಟೆಗೆ ಕೇರಿಯ ಹಿರಿಯ ಗುಡ್ಡಪ್ಪ ಎದ್ದು ನಿಂತ. ಎದುರುಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ರೊಟ್ಟಿ ಪಲ್ಯ ಹಾಕಿ ಕೂಡಿಸಿದ್ದರು.

"ಹುಲಗೇಶ ಬರೂದ್ರಾಗ ಉಡಚವ್ವನ ಬಗ್ಗೆ ಎರಡೆರಡ ಮಾತು ಆಡೂಣು. ಸರೋಜವ್ವಾರ, ನೀವ ಮೊದಲ ಹೇಳ್ರಿ. ಆಕಿ ದುಡಿತ ನಿಮಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ," ಎಂದ. ಬೇಕೆಂದೇ ಕೇಳಿದ್ದ.

ಸರೋಜವ್ವ ಎದ್ದಳು. "ಭಾಳ ವರ್ಷ ನಮ್ಮ ಹೊಲದಾಗ ದುಡದ್ಲು. ಕಳವು ಗೊತ್ತಿಲ್ಲದಾಕಿ. ಮೈಗಳ್ಳತನ ಗೊತ್ತಿಲ್ಲದಾಕಿ," ಎಂದು ನಿಲ್ಲಿಸಿದಳು. ಇನ್ನೇನೋ ಹೇಳುವವಳಂತೆ ಬಾಯಿ ತೆರೆದು, ಪರಮೇಶಪ್ಪನ ಕಡೆ ನೋಡಿ, ಕೂತುಬಿಟ್ಟಳು.

ಗುಡ್ಡಪ್ಪ ಜಯಶ್ರೀಯತ್ತ ತಿರುಗಿದ. "ನೀ ಹೇಳ್ತೀಯೇನವಾ?"

ಜಯಶ್ರೀ ದುರ್ಗೇಶನನ್ನು ಸೊಂಟಕ್ಕೇರಿಸಿಕೊಂಡು ಎದ್ದಳು. ಹೇಳಿಯೇ ಬಿಡುತ್ತೇನೆ ಎಂದುಕೊಂಡಳು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಎದುರುಮನೆಯಿಂದ ಮಧುಶ್ರೀಯ ದನಿ ಬಂತು.

"ಇದು ನಮ್ಮ ಆಯಿ ಬಡದ ರೊಟ್ಟಿ!" ಪಕ್ಕದ ಮಗುವಿನೊಂದಿಗೆ ಜಗಳಕ್ಕಿಳಿದಿದ್ದಳು. "ನಿನ್ನಿ ಬಡದಾಳ. ನಾನ ಅರಿವಿ ಹೊಚ್ಚೇನಿ!"

ಪರಮೇಶಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಏನಂತದು ಕೂಸು?"

ಸರೋಜವ್ವನ ಮುಖ ಬಿಳಿಚಿಕೊಂಡಿತು. ಗುಡ್ಡಪ್ಪ, ಅಡಿವೆವ್ವ, ಇಡೀ ಕೇರಿ ಜಯಶ್ರೀಯ ಬಾಯಿ ನೋಡುತ್ತಿತ್ತು. ಹೌದು ಎಂದರೆ ಸಾಕು, ಒಂದೇ ಮಾತು. ಸೊಂಟದಲ್ಲಿದ್ದ ಕೂಸು ಕುಪ್ಪಸದ ಗುಂಡಿ ಹಿಡಿದು ಜಗ್ಗುತ್ತಿತ್ತು. ನಾಡಿದ್ದು ಐನೂರು ರೊಟ್ಟಿ. ಅದರ ಆಚೆ ಶ್ರಾವಣ, ಅದರ ಆಚೆ ಮತ್ತೆ ಮದುವೆಗಳು, ಮಗಳ ಸಾಲೆ. ಜಯಶ್ರೀಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಸಣ್ಣದೈತ್ರಿ, ಅದಕ್ಕೇನ ತಿಳಿತೈತಿ," ಎಂದಳು. ಅಂಗಳ ದಾಟಿ ಹೋಗಿ ಮಗಳ ರಟ್ಟೆ ಹಿಡಿದೆತ್ತಿದಳು. "ಯಾರ ರೊಟ್ಟಿ ಇದು?"

"ಆಯಿದು."

ಕೆನ್ನೆಗೆ ಏಟು ಬಿತ್ತು. ಮಧುಶ್ರೀ ಅಳಲೂ ಮರೆತು ಅವ್ವನ ಮುಖ ನೋಡಿದಳು. ಅವ್ವ ಅವಳಿಗೆ ಈವರೆಗೆ ಹೊಡೆದಿರಲಿಲ್ಲ.

"ಸರೋಜವ್ವಾರ ರೊಟ್ಟಿ. ಅನ್ನು. ಯಾರ ರೊಟ್ಟಿ?"

"ಸರೋಜವ್ವಾರ ರೊಟ್ಟಿ," ಎಂದಿತು ಮಗು.

"ಶಾಣ್ಯಾಕಿ!" ಎಂದು ಪರಮೇಶಪ್ಪ ನಕ್ಕು ಕುರ್ಚಿಗೆ ಒರಗಿದ. ಗುಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಬೇರೆ ಯಾರನ್ನೂ ಮಾತಾಡಲು ಕರೆಯಲಿಲ್ಲ.

ಹೊಗಳಿಸಿಕೊಂಡ ಮೇಲೆ ಮಧುಶ್ರೀಗೆ ಧೈರ್ಯ ಬಂತು. ರೊಟ್ಟಿಯ ಚೂರನ್ನು ಎತ್ತಿ ಹಿಡಿದುಕೊಂಡು ಅಂಗಳದಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತಳು. ಅಡಿವೆವ್ವನಿಗೆ, "ಇದು ಸರೋಜವ್ವಾರ ರೊಟ್ಟಿ." ಗುಡ್ಡಪ್ಪನಿಗೆ, "ಇದು ಸರೋಜವ್ವಾರ ರೊಟ್ಟಿ." ಸರೋಜವ್ವನಿಗೂ ಹೇಳಿದಳು. ಸರೋಜವ್ವ ಮುಖ ಆಚೆ ತಿರುಗಿಸಿದಳು.

ಎಲ್ಲರಿಗೂ ಹೇಳಿ ಮುಗಿಯಿತು. ಮಧುಶ್ರೀ ಸುತ್ತ ನೋಡಿದಳು, ಕಟ್ಟೆಗೆ ಎರಡೂ ಕೈ ಊರಿ ಹತ್ತಿದಳು, ಮಾಲೆಗಳನ್ನು ಸರಿಸಿ ಅಜ್ಜಿಯ ಮಡಿಲಿಗೆ ಒತ್ತಿ ನಿಂತಳು.

"ಆಯಿ, ಇದು ನೀ ಬಡದಿದ್ದಲ್ಲಂತ," ಎಂದಳು. "ಸರೋಜವ್ವಾರದಂತ."

ಆಮೇಲೆ ಚೂರನ್ನು ಎರಡು ಮಾಡಿ, ದೊಡ್ಡದನ್ನು ಅಜ್ಜಿಯ ತೊಳೆದ ಅಂಗೈಯಲ್ಲಿಟ್ಟು, ಅವಳು ತಿನ್ನುವುದನ್ನು ಕಾಯುತ್ತ ನಿಂತಳು.