ಸುಗಂಧಾ ಆರಿಸಿಕೊಟ್ಟ ಅಲಗು

ಚಟ್ಟದ ಹಗ್ಗದ ತುದಿ ಕತ್ತರಿಸಲು ಚಾಕು ಬೇಕೆಂದದ್ದೇ ತಡ, ಅಂಗಳದಲ್ಲಿದ್ದ ಏಳೆಂಟು ಮಂದಿ ಜೇಬಿಗೆ, ಸೊಂಟಕ್ಕೆ ಕೈಹಾಕಿದರು. ಹೊರಬಂದ ಮಡಚುವ ಚಾಕುಗಳು ಒಂದರಂತೆ ಇನ್ನೊಂದಿರಲಿಲ್ಲ. ಒಂದರಲ್ಲಿ ಅಗಲ ಅಲಗಿನ ಜೊತೆ ದಬ್ಬಣ, ಇನ್ನೊಂದರಲ್ಲಿ ಕುಡುಗೋಲಿನಂಥ ಬಾಗಿದ ಅಲಗು.

"ಭಾವಾ, ಎಲ್ಲಾ ನಿಮ್ಮ ಕೈಯಾನವೇ ನೋಡ್ರಿ," ಎಂದ ಸತ್ತವಳ ತಮ್ಮ ಸಂಘಪಾಲ.

"ಬಡದಾಂವ ನಾ. ಯಾರಿಗಿ ಯಾವ ಅಲಗು ಅಂತ ಆರಿಸಿದಾಕಿ ನಿಮ್ಮಕ್ಕ." ಮಚ್ಚೇಂದ್ರ ಹೆಂಡತಿ ಸುಗಂಧಾಳ ಮುಖ ನೋಡಿ ಗಳಗಳನೆ ಅತ್ತ. "ಇವತ್ತಿಗಿ ಅಂಗಡಿ ಮುಗೀತು."

ಸಂಘಪಾಲ ಇದನ್ನೇ ಕಾಯುತ್ತಿದ್ದ. ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಭಾವನಿಗೆ ವಾಚ್‌ಮನ್ ಕೆಲಸ ಗೊತ್ತು ಮಾಡಿಯೇ ಬಂದಿದ್ದ. ಮಚ್ಚೇಂದ್ರನ ಮಗಳು ಆಮ್ರಪಾಲಿ ತಟ್ಟನೆ ತಲೆಯೆತ್ತಿದಳು. ಆ ಅಂಗಡಿ ತನಗೆ ಬೇಕೆಂದು ಅವಳು ಅವ್ವನ ಹೊರತು ಯಾರೆದುರೂ ಬಾಯಿ ಬಿಟ್ಟಿರಲಿಲ್ಲ.

*

ಮಚ್ಚೇಂದ್ರನಿಗೆ ಅಲಗಿನ ಹುಚ್ಚು. ತೊಂಬತ್ತೊಂದನೇ ಇಸವಿಯಲ್ಲಿ ನಾಲ್ಕು ಅಲಗಿನ ಚಾಕು ಮಾಡಿ ಬಸವಕಲ್ಯಾಣಕ್ಕೆಲ್ಲ ತೋರಿಸಿ ಮೆರೆದಿದ್ದ. ಅದನ್ನು ಕೊಂಡ ಕೂಲಿಯ ಬಾಳಮ್ಮ ಮರುದಿನವೇ ತಿರುಗಿ ಬಂದಳು. ಒಂದು ಅಲಗನ್ನೂ ತೆರೆಯಲು ಅವಳಿಗೆ ಬಂದಿರಲಿಲ್ಲ!

ಸುಗಂಧಾ ಅವಳ ಕೈ ಹಿಡಿದು ನೋಡಿದಳು. ಕಳೆ ಕಿತ್ತು ಕಿತ್ತು, ಅಲಗಿನ ಗೀರಿಗೆ ಸಿಕ್ಕಿಸಿ ಎಳೆಯಲು ಉಗುರೇ ಉಳಿದಿರಲಿಲ್ಲ.

"ಕೈ ನೋಡ್ಲಾರ್ದ ಚಾಕು ಮಾಡೀರಿ. ಎರಡ ಅಲಗು ಸಾಕ್ರಿ. ತೆನಿಗೊಂದು, ಮುಳ್ಳಿಗೊಂದು. ಸ್ಪ್ರಿಂಗ್ ಮೆತ್ತಗಿರ್ಲಿ."

ಮಚ್ಚೇಂದ್ರ ಮುಖ ಊದಿಸಿಕೊಂಡೇ ಮಾಡಿಕೊಟ್ಟ. ಬಾಳಮ್ಮನ ಹಿಂದೆ ಓಣಿಯ ಹೆಂಗಸರೆಲ್ಲ ಬಂದರು. ಅಂದಿನಿಂದ ಸುಗಂಧಾಳಿಗೆ ಕೈ ತೋರಿಸದೆ ಯಾರಿಗೂ ಚಾಕು ಸಿಗಲಿಲ್ಲ.

*

ಮಸಣದಿಂದ ಬಂದವರು ಕೈಕಾಲು ತೊಳೆದು ಕೂತರು. ಅವರಲ್ಲಿ ರಾಜೇಶ್ವರ ಊರಿನ ಅಬ್ದುಲ್ ರಜಾಕನೂ ಇದ್ದ, ಮಾವಿಗೆ ಕಸಿ ಕಟ್ಟುವವ. "ಭಾಭಿ ಹೋದ್ರು. ಇನ್ನ ನನಗ ಅಲಗು ಯಾರ ಆರಸ್ತಾರ? ಈ ಸಲ ಮೂರು ಹಾಕಸ್ಬೇಕಂತಿದ್ದೆ," ಎಂದು ಕಣ್ಣೊರೆಸಿಕೊಂಡ.

ಆಮ್ರಪಾಲಿ ಎದ್ದು ಬಂದಳು. "ಕೈ ತೋರಸ್ರಿ, ಚಾಚಾ."

ಬಲಗೈ ಹೆಬ್ಬೆರಳನ್ನು ಮಡಿಸಿ ನೋಡಿದಳು. ಅದು ಬಾಗಲಿಲ್ಲ.

"ಅಪ್ಪಾ, ಎಡಗೈಲೆ ತೆರಿಯೂ ಹಾಂಗ ಇರ್ಲಿ. ಕಸಿ ಅಲಗೊಂದು, ತೊಗಟಿ ಎಬ್ಬಸಾಕ ಮೊಂಡದೊಂದು."

"ಮೂರನೇದು?" ಮಚ್ಚೇಂದ್ರನ ಹುಚ್ಚು ಅಂಥ ಹೊತ್ತಿನಲ್ಲೂ ಸುಮ್ಮನಿರಲಿಲ್ಲ.

"ಬ್ಯಾಡಂದ್ರ ಬ್ಯಾಡ."

"ವಾಹ್ ಬೇಟಿ! ಈ ಬೆರಳು ಸೆಟದು ವರ್ಷಾತು, ಯಾರಿಗೂ ಹೇಳಿದ್ದಿಲ್ಲ," ಎಂದು ರಜಾಕ್ ಅಳುತ್ತಲೇ ನಕ್ಕ.

ಮಚ್ಚೇಂದ್ರ ಮಗಳನ್ನೇ ನೋಡಿದ. ಹೆಮ್ಮೆಯಿಂದ ಅವಳ ಹೆಗಲ ಮೇಲೆ ಕೈಯಿಟ್ಟ. "ಮೂರು ದಿನದ ಕಾರ್ಯ ಮುಗೀಲಿ. ಕುಲುಮಿ ಹಚ್ತೀನಿ."

"ಮತ್ತ ಹುಮನಾಬಾದಿನ ನೌಕ್ರಿ, ಭಾವಾ?"

ಸಂಘಪಾಲನ ಮಾತು ಯಾರ ಕಿವಿಗೂ ಬೀಳಲಿಲ್ಲ. ಗೋಡೆಗೊರಗಿ ಕೂತಿದ್ದ ಬಾಳಮ್ಮ ಆಮ್ರಪಾಲಿಯ ಮುಂದೆ ಕೈ ಚಾಚಿದ್ದಳು. ಅವಳ ಪಕ್ಕದವನೂ ಚಾಚಿದ, ಅವನ ಹಿಂದಿನವನೂ. ಸಂಘಪಾಲ ಸ್ವಲ್ಪ ಹೊತ್ತು ಅತ್ತಿತ್ತ ನೋಡಿದ, ಕೆಮ್ಮಿದ. ಆಮೇಲೆ ಅಂಗಿಯ ತೋಳು ಮೇಲೇರಿಸಿ ತಾನೂ ಸೋದರಸೊಸೆಯ ಮುಂದೆ ಕೈ ಚಾಚಿದ.